ಐನೂರು ರೂಪಾಯಿಯ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ?

2025ರ ಮೇ 26ರಂದು ಮಂಡ್ಯದಲ್ಲಿ ನಡೆದ ಘಟನೆಯನ್ನು ಯಾವ ತಂದೆತಾಯಿಯೂ ಮರೆಯಲಾರರು. ನಾಯಿ ಕಚ್ಚಿದ್ದ ಮೂರು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಮದ್ದೂರು ತಾಲೂಕಿನ ದಂಪತಿ ಬೈಕಿನಲ್ಲಿ ಆಸ್ಪತ್ರೆಗೆ ಧಾವಿಸುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ಅವರನ್ನು ತಡೆದರು. ಬೈಕ್ ಆಯ ತಪ್ಪಿತು. ಮಗು ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ವಾಹನ ಅದರ ಮೇಲೆ ಹರಿಯಿತು. ಚಿಕಿತ್ಸೆಗೆಂದು ಹೊರಟಿದ್ದ ಮಗುವಿನ ಶವವನ್ನು ಮಡಿಲಲ್ಲಿಟ್ಟುಕೊಂಡು ಆ ಹೆತ್ತವರು ನಡುರಸ್ತೆಯಲ್ಲಿ ಕುಳಿತರು. ಜನ ರೊಚ್ಚಿಗೆದ್ದರು, ಮೂವರು ಎಎಸ್‌ಐಗಳು ಅಮಾನತಾದರು, ಹೇಳಿಕೆಗಳು ಬಂದವು, ಸಂತಾಪಗಳು ಹರಿದವು. ಕೆಲವೇ ದಿನಗಳಲ್ಲಿ ಸುದ್ದಿವಾಹಿನಿಗಳು ಬೇರೆ ವಿಷಯ ಹಿಡಿದವು.

ಆ ತಂದೆಯ ಮೇಲಿದ್ದ ಆರೋಪವಾದರೂ ಏನು? ಹೆಲ್ಮೆಟ್ ಧರಿಸದೆ ಬೈಕ್ ಓಡಿಸಿದ್ದು. ನಮ್ಮ ರಾಜ್ಯದಲ್ಲಿ ಅದಕ್ಕೆ ವಿಧಿಸುವ ದಂಡ 500 ರೂಪಾಯಿ. ಐನೂರು ರೂಪಾಯಿಯ ಒಂದು ತಪ್ಪನ್ನು ಹಿಡಿಯುವ ಭರದಲ್ಲಿ ಒಂದು ಜೀವವೇ ಹೋಯಿತು. ಇದನ್ನು ಆಕಸ್ಮಿಕವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ಮನಸ್ಸಾಕ್ಷಿ ಅದನ್ನು ಒಪ್ಪುವುದಿಲ್ಲ. ಯಾಕೆಂದರೆ ನಡುರಸ್ತೆಗೆ ನುಗ್ಗಿ ಬೈಕ್ ಅಡ್ಡಗಟ್ಟುವುದು, ತಿರುವಿನಲ್ಲಿ ಅವಿತು ನಿಂತು ಹಠಾತ್ತನೆ ಎದುರಾಗುವುದು, ಕೀ ಕಿತ್ತುಕೊಳ್ಳುವುದು, ಅಂಗಿ ಹಿಡಿದು ಎಳೆಯುವುದು, ಲಾಠಿ ಬೀಸುವುದು ಇವೆಲ್ಲ ಆ ಒಂದು ದಿನ ಮಂಡ್ಯದಲ್ಲಿ ಹುಟ್ಟಿಕೊಂಡದ್ದಲ್ಲ. ಊರೂರಿನ ಸರ್ಕಲ್‌ಗಳಲ್ಲಿ ನಾವು ದಿನವೂ ಕಾಣುವ, ಕಂಡೂ ಸುಮ್ಮನಿರುವ ನೋಟಗಳಿವು. ಆ ದಿನ ಅದಕ್ಕೊಂದು ಮಗು ಬಲಿಯಾಯಿತು, ಅಷ್ಟೇ ವ್ಯತ್ಯಾಸ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ನಾವು ನಿಯಮಗಳ ವಿರೋಧಿಗಳಲ್ಲ. ಕೇಂದ್ರ ಸರಕಾರದ ಅಂಕಿಅಂಶಗಳಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳಕೊಂಡರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದೆ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ನಿಯಮವು ಜನರ ಮೇಲಿನ ಹೊರೆಯಲ್ಲ, ಅದು ಜನರ ಮೇಲಿನ ಕಾಳಜಿ. ದಾರಿಯಲ್ಲಿರುವ ತೊಂದರೆಯನ್ನು ನಿವಾರಿಸುವುದು ಸತ್ಯವಿಶ್ವಾಸದ ಒಂದು ಶಾಖೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ ಸ್ವತಃ ತಾನೇ ದಾರಿಯ ತೊಂದರೆಯಾಗುವವನು, ಅಡ್ಡಾದಿಡ್ಡಿ ಓಡಿಸುವವನು, ಒಂದು ಬೈಕಿನಲ್ಲಿ ಮೂವರನ್ನು ಹೇರಿಕೊಂಡು ಹೋಗುವವನು ತನ್ನ ವಿಶ್ವಾಸಕ್ಕೂ ಅನ್ಯಾಯ ಮಾಡುತ್ತಿದ್ದಾನೆ. ಹಾಗೆಯೇ ಪೊಲೀಸರ ಕಷ್ಟವನ್ನೂ ನಾವು ಬಲ್ಲೆವು. ಬಿಸಿಲಲ್ಲಿ, ಹೊಗೆಯಲ್ಲಿ, ಹಬ್ಬದ ದಿನವೂ ರಜೆಯಿಲ್ಲದೆ ನಿಲ್ಲುವ ಕಾನ್‌ಸ್ಟೇಬಲ್ ಕೂಡ ಯಾರದೋ ಮಗ, ಯಾರದೋ ತಂದೆ. ಮೇಲಿನಿಂದ ಬರುವ ಇಂತಿಷ್ಟು ಪ್ರಕರಣ ದಾಖಲಿಸಬೇಕೆಂಬ ಒತ್ತಡವೂ ಅವರ ತಲೆಯ ಮೇಲಿರುತ್ತದೆ ಎಂಬುದು ಗುಟ್ಟೇನಲ್ಲ.

ಆದ್ದರಿಂದ ನಮ್ಮ ಪ್ರಶ್ನೆ ನಿಯಮ ಬೇಕೇ ಬೇಡವೇ ಎಂಬುದಲ್ಲ. ನಿಯಮ ಪಾಲಿಸುವಂತೆ ಮಾಡುವುದು ಬೇರೆ, ಶಿಕ್ಷಿಸುವುದು ಬೇರೆ. ಮೊದಲನೆಯದು ಪೊಲೀಸರ ಕರ್ತವ್ಯ. ಎರಡನೆಯದು ನ್ಯಾಯಾಲಯದ ಅಧಿಕಾರ. ಲಾಠಿಯ ಒಂದು ಏಟು ರಸ್ತೆಯಲ್ಲಿ ಬಿದ್ದಾಗ ಅಲ್ಲಿ ದೂರುದಾರನೂ ಪೊಲೀಸನೇ, ಸಾಕ್ಷಿಯೂ ಪೊಲೀಸನೇ, ನ್ಯಾಯಾಧೀಶನೂ ಪೊಲೀಸನೇ, ಶಿಕ್ಷೆ ಜಾರಿಗೊಳಿಸುವವನೂ ಪೊಲೀಸನೇ. ಇದನ್ನು ಯಾವ ಕಾನೂನು ಒಪ್ಪುತ್ತದೆ? ಮೋಟಾರು ವಾಹನ ಕಾಯಿದೆಯಲ್ಲಿ ದಂಡವಿದೆ, ಲೈಸೆನ್ಸ್ ಅಮಾನತು ಇದೆ, ಏಟಿಲ್ಲ. ಬಂಧಿತನನ್ನು ಕೂಡ ಅವನು ತಪ್ಪಿಸಿಕೊಳ್ಳದಂತೆ ತಡೆಯಲು ಅಗತ್ಯವಿರುವುದಕ್ಕಿಂತ ಹೆಚ್ಚು ನಿರ್ಬಂಧಕ್ಕೆ ಒಳಪಡಿಸಬಾರದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 46ನೇ ಕಲಮು ಹೇಳುತ್ತದೆ. ಕೊಲೆ ಆರೋಪಿಗೂ ಅನ್ವಯಿಸುವ ಈ ಮಿತಿ ಹೆಲ್ಮೆಟ್ ಇಲ್ಲದ ಗುಮಾಸ್ತನಿಗೆ, ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿದ ಹಣ್ಣಿನ ವ್ಯಾಪಾರಿಗೆ ಅನ್ವಯಿಸುವುದಿಲ್ಲವೇ?

ಸಣ್ಣ ನಿಯಮದ ಹೆಸರಲ್ಲಿ ಅಧಿಕಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನೆರೆಯ ತಮಿಳುನಾಡಿನ ಸಾತ್ತಾನ್‌ಕುಳಂ ಸಾಕ್ಷಿಯಾಗಿದೆ. 2020ರ ಜೂನ್ 19. ಲಾಕ್‌ಡೌನ್ ಕಾಲ. ಅನುಮತಿಸಿದ ವೇಳೆ ಮೀರಿಯೂ ಮೊಬೈಲ್ ಅಂಗಡಿ ತೆರೆದಿದ್ದರೆಂಬ ಆರೋಪದಲ್ಲಿ ತಂದೆಯನ್ನು ಠಾಣೆಗೆ ಒಯ್ಯಲಾಯಿತು. ಹಿಂದೆಯೇ ಮಗ ವಿಚಾರಿಸಲು ಹೋದ. ಜೂನ್ 22ರಂದು ಮಗ ಸತ್ತ, ಮರುದಿನ ತಂದೆ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ತನಿಖೆಗೆ ಹೋದ ಮ್ಯಾಜಿಸ್ಟ್ರೇಟರಿಗೆ ಕಂಡದ್ದು, ದೃಶ್ಯಗಳು ದಿನದಿನವೂ ತಾನಾಗಿ ಅಳಿಸಿಹೋಗುವಂತೆ ಅಳವಡಿಸಿದ್ದ ಠಾಣೆಯ ಸಿಸಿಟಿವಿ. ಕೊನೆಗೆ ಸಿಬಿಐ ಪೊಲೀಸರ ವಿರುದ್ಧವೇ ಕೊಲೆಯ ಆರೋಪಪಟ್ಟಿ ಸಲ್ಲಿಸಿತು. ಅಂಗಡಿಯ ಬಾಗಿಲು ಸ್ವಲ್ಪ ಹೊತ್ತು ಹೆಚ್ಚಾಗಿ ತೆರೆದಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಒಂದು ಮನೆಯ ಎರಡು ಜೀವಗಳು ಉತ್ತರವಾದವು.

ಇದೇ ಪ್ರಕರಣದಲ್ಲಿ ಇನ್ನೊಂದು ಸತ್ಯವೂ ಇದೆ. ಆ ರಾತ್ರಿ ಠಾಣೆಯೊಳಗೆ ನಡೆದ ಹೊಡೆತದ ಬಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಸಾಕ್ಷಿ ನುಡಿದವರು ಅದೇ ಠಾಣೆಯ ಓರ್ವ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಸಹೋದ್ಯೋಗಿಗಳ ಬೆದರಿಕೆಯ ನಡುವೆ ಅವರು ಸತ್ಯ ಹೇಳಿದರು. ತನಗೆ, ತನ್ನ ಹೆತ್ತವರಿಗೆ, ತನ್ನ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರವಾಗಿ ಸಾಕ್ಷಿ ನಿಲ್ಲಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ. ಕುರ್‌ಆನ್ ಓದುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಧೈರ್ಯವಿದೆ? ಪೊಲೀಸ್ ಇಲಾಖೆಯನ್ನು ಇಡಿಯಾಗಿ ಶತ್ರುವೆಂದು ಬಗೆಯುವವರು ಆ ಹೆಣ್ಣುಮಗಳನ್ನು ನೆನೆಯಬೇಕು.

ಈಗ ನಮ್ಮ ಕಡೆಗೇ ತಿರುಗೋಣ. ಲಾಕ್‌ಡೌನ್ ದಿನಗಳಲ್ಲಿ ಬೀದಿಗಿಳಿದವರಿಗೆ ಪೊಲೀಸರು ಬಸ್ಕಿ ಹೊಡೆಸುವ, ಕಪ್ಪೆಯಂತೆ ಕುಪ್ಪಳಿಸುವ ಶಿಕ್ಷೆ ಕೊಡುವ, ಮೊಣಕಾಲಿಗೆ ಲಾಠಿ ಬೀಸುವ ವೀಡಿಯೋಗಳು ಹಾಡಿನ ಹಿನ್ನೆಲೆಯೊಂದಿಗೆ ಮನೆಮನೆಯ ಮೊಬೈಲಿಗೆ ಬಂದವು. ನಾವೇನು ಮಾಡಿದೆವು? ನಕ್ಕೆವು. ಕುಟುಂಬದ ಗ್ರೂಪಿಗೆ ಕಳಿಸಿದೆವು. 'ಇವರಿಗೆ ಹೀಗೆಯೇ ಆಗಬೇಕು' ಎಂದು ಕೆಳಗೊಂದು ಸಾಲು ಬರೆದೆವು. ಆ ವೀಡಿಯೋದಲ್ಲಿ ಕುಪ್ಪಳಿಸುತ್ತಿದ್ದವನು ಔಷಧಿಗೆ ಹೊರಟಿದ್ದನೋ, ಮಗುವಿಗೆ ಹಾಲು ತರಲು ಹೊರಟಿದ್ದನೋ, ದಿನಗೂಲಿ ತಪ್ಪಿ ಊರಿಗೆ ನಡೆದು ಹೊರಟಿದ್ದನೋ ಎಂದು ನಾವು ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಸೋಂಕಿನ ಹೊಣೆಯನ್ನು ಒಂದು ಸಮುದಾಯದ ತಲೆಗೆ ಕಟ್ಟಿದಾಗ ಮಾತ್ರ ಲಾಠಿ ನಮಗೆ ಕ್ರೂರವಾಗಿ ಕಂಡಿತು. ಅನ್ಯರ ಬೆನ್ನ ಮೇಲೆ ಬಿದ್ದಾಗ ಶಿಸ್ತು, ನಮ್ಮ ಬೆನ್ನ ಮೇಲೆ ಬಿದ್ದಾಗ ದೌರ್ಜನ್ಯ ಎಂಬ ತಕ್ಕಡಿ ನ್ಯಾಯದ ತಕ್ಕಡಿಯಲ್ಲ. ಜನರು ಚಪ್ಪಾಳೆ ತಟ್ಟುವವರೆಗೆ ಯಾವ ಲಾಠಿಯೂ ಕೆಳಗಿಳಿಯುವುದಿಲ್ಲ. ಸಿನಿಮಾದ ಪರದೆಯ ಮೇಲೆ ಕಾನೂನನ್ನು ಕಾಲಕಸ ಮಾಡಿ ಹೊಡೆಯುವ ಪೊಲೀಸ್ ನಾಯಕನಿಗೆ ಶಿಳ್ಳೆ ಹಾಕಿ, ಹೊರಬಂದು ನಮ್ಮೂರಿನ ಇನ್‌ಸ್ಪೆಕ್ಟರ್ ಕಾನೂನು ಪಾಲಿಸಬೇಕೆಂದು ಬಯಸುವುದರಲ್ಲಿ ಏನು ಅರ್ಥವಿದೆ?

ಸಣ್ಣ ತಪ್ಪನ್ನು ಹೇಗೆ ತಿದ್ದಬೇಕು ಎಂಬುದಕ್ಕೆ ಪ್ರವಾದಿವರ್ಯರ(ಸ) ಬದುಕಿನಲ್ಲಿ ಒಂದು ಘಟನೆ ಇದೆ. ಬಾಲ್ಯದಿಂದಲೂ ಮದ್ರಸದಲ್ಲಿ ಕೇಳಿ ನಮಗದು ಎಷ್ಟು ಪರಿಚಿತವೆಂದರೆ ಅದರ ಆಳವನ್ನು ನಾವು ಗಮನಿಸುವುದಿಲ್ಲ. ಗ್ರಾಮೀಣ ಅರಬನೊಬ್ಬ ಮದೀನಾದ ಮಸೀದಿಗೆ ಬಂದು ಒಂದು ಮೂಲೆಯಲ್ಲಿ ಮೂತ್ರ ಮಾಡತೊಡಗಿದ. ಸಾರ್ವಜನಿಕ ಸ್ಥಳದ ನಿಯಮವನ್ನು ಇದಕ್ಕಿಂತ ಹೆಚ್ಚಾಗಿ ಮುರಿಯಲು ಸಾಧ್ಯವೇ? ಸಹಾಬಿಗಳು ಅವನನ್ನು ತಡೆಯಲು ಧಾವಿಸಿದರು. ಪ್ರವಾದಿವರ್ಯರು(ಸ) ಸಹಾಬಿಗಳನ್ನೇ ತಡೆದರು. ಅವನು ಮುಗಿಸುವವರೆಗೆ ಬಿಟ್ಟುಬಿಡಲು ಹೇಳಿದರು. ಆಮೇಲೆ ಒಂದು ಬಕೆಟ್ ನೀರು ತರಿಸಿ ಆ ಜಾಗಕ್ಕೆ ಸುರಿಸಿದರು. ಅವನನ್ನು ಕರೆದು ಮಸೀದಿಗಳು ಇಂಥದ್ದಕ್ಕಾಗಿ ಇರುವುದಲ್ಲ, ಆರಾಧನೆಗಾಗಿ ಇರುವುದು ಎಂದು ತಿಳಿಹೇಳಿದರು. ಸಹಾಬಿಗಳಿಗೆ, ನಿಮ್ಮನ್ನು ಕಳಿಸಿರುವುದು ಸುಲಭಗೊಳಿಸಲಿಕ್ಕೆ, ಕಷ್ಟಕ್ಕೀಡು ಮಾಡಲಿಕ್ಕಲ್ಲ ಎಂಬ ಪಾಠ ಸಿಕ್ಕಿತು.

ಇಲ್ಲಿ ದಯೆ ಮಾತ್ರ ಇರುವುದಲ್ಲ, ಲೆಕ್ಕಾಚಾರವೂ ಇದೆ. ಇಮಾಮ್ ನವವಿ(ರ)ಯವರಂಥ ವಿದ್ವಾಂಸರು ಈ ಹದೀಸನ್ನು ವಿವರಿಸುತ್ತಾ ಒಂದು ತತ್ವವನ್ನು ಎತ್ತಿ ತೋರಿದರು. ನಡುವೆ ತಡೆದಿದ್ದರೆ ಅವನ ದೇಹಕ್ಕೆ ಹಾನಿಯಾಗುತ್ತಿತ್ತು, ಮಸೀದಿಯ ಇನ್ನಷ್ಟು ಜಾಗ ಮಲಿನವಾಗುತ್ತಿತ್ತು. ದೊಡ್ಡ ಹಾನಿಯನ್ನು ತಪ್ಪಿಸಲು ಸಣ್ಣ ಹಾನಿಯನ್ನು ಸಹಿಸಬೇಕು. ಓಡುತ್ತಿರುವ ಬೈಕಿನ ಮುಂದೆ ಹಾರಿ ನಿಲ್ಲುವವನಿಗೆ ಇದಕ್ಕಿಂತ ಹೊಂದುವ ಪಾಠ ಇನ್ನೊಂದಿದೆಯೇ? ಹೆಲ್ಮೆಟ್ ನಿಯಮ ಇರುವುದು ಜೀವ ಉಳಿಸಲು. ಆ ನಿಯಮವನ್ನು ಜೀವ ತೆಗೆಯುವ ರೀತಿಯಲ್ಲಿ ಜಾರಿಗೊಳಿಸಿದರೆ ನಿಯಮವನ್ನು ಮುರಿದವರು ಯಾರು, ಸವಾರನೇ ಅಥವಾ ತಡೆದವನೇ? ನಂಬರ್ ಪ್ಲೇಟ್ ಬರೆದುಕೊಳ್ಳಬಹುದಿತ್ತು. ಕ್ಯಾಮರಾ ಇತ್ತು. ನೋಟಿಸ್ ಮನೆಗೆ ಹೋಗುತ್ತಿತ್ತು. ತಪ್ಪು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ.

ಮುಸ್ಲಿಮ್ ನಗರಗಳಲ್ಲಿ ಮಾರುಕಟ್ಟೆಯ ತೂಕ, ಅಳತೆ, ಬೀದಿಯ ಸ್ವಚ್ಛತೆ ಮುಂತಾದ ನಿಯಮಗಳನ್ನು ನೋಡಿಕೊಳ್ಳಲು 'ಮುಹ್ತಸಿಬ್' ಎಂಬ ಅಧಿಕಾರಿಯಿದ್ದನು. ಅವನ ಮಿತಿಗಳ ಬಗ್ಗೆ ನಮ್ಮ ವಿದ್ವಾಂಸರು ಅಧ್ಯಾಯಗಳನ್ನೇ ಬರೆದಿದ್ದಾರೆ. ಇಮಾಮ್ ಗಝ್ಝಾಲಿ(ರ) ತಮ್ಮ 'ಇಹ್ಯಾ ಉಲೂಮುದ್ದೀನ್'ನಲ್ಲಿ ಹೇಳುವ ಷರತ್ತುಗಳಲ್ಲಿ ಒಂದು, ತಪ್ಪು ಗೂಢಚರ್ಯೆ ಇಲ್ಲದೆಯೇ ಕಣ್ಣಿಗೆ ಕಾಣುವಂತಿರಬೇಕು ಎಂಬುದು. ತಿದ್ದುವವನಿಗೆ ಜ್ಞಾನ, ದೇವಭಯ ಮತ್ತು ಸೌಜನ್ಯ ಈ ಮೂರು ಗುಣಗಳಿರಬೇಕೆಂದು ಅವರು ಬಯಸುತ್ತಾರೆ. ಮೊದಲು ತಿಳಿಸಿಕೊಡು, ಆಮೇಲೆ ಉಪದೇಶಿಸು, ಅದಾದ ಮೇಲೆ ಗದರಿಸು ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಅವರ ಕ್ರಮದಲ್ಲಿ ಬಲಪ್ರಯೋಗ ಬರುವುದು ಕೊನೆಯ ಮೆಟ್ಟಿಲುಗಳಲ್ಲಿ. ನಮ್ಮ ರಸ್ತೆಗಳಲ್ಲಿ ಆ ಏಣಿಯನ್ನು ತಲೆಕೆಳಗಾಗಿ ನಿಲ್ಲಿಸಲಾಗಿದೆ. ಮೊದಲು ಏಟು, ಆಮೇಲೆ ಬೈಗುಳ, ಕೊನೆಗೆ ಬೇಕಾದರೆ ಕಾರಣ.

ಇನ್ನೊಂದು ಘಟನೆಯನ್ನು ಇಮಾಮ್ ಮುಸ್ಲಿಮ್(ರ) ವರದಿ ಮಾಡಿದ್ದಾರೆ. ಸಿರಿಯಾ ಪ್ರಾಂತ್ಯದಲ್ಲಿ ತೆರಿಗೆ ಬಾಕಿಯಿಟ್ಟ ಕೆಲವು ರೈತರನ್ನು ಸುಡುಬಿಸಿಲಿನಲ್ಲಿ ನಿಲ್ಲಿಸಲಾಗಿತ್ತು. ಅವರು ಮುಸ್ಲಿಮರಾಗಿರಲಿಲ್ಲ. ಆ ದಾರಿಯಲ್ಲಿ ಬಂದ ಸಹಾಬಿ ಹಿಶಾಮ್ ಬಿನ್ ಹಕೀಮ್(ರ) ಕಾರಣ ಕೇಳಿದರು. ಇಹಲೋಕದಲ್ಲಿ ಜನರನ್ನು ಹಿಂಸಿಸುವವರನ್ನು ಅಲ್ಲಾಹನು ಹಿಂಸೆಗೊಳಪಡಿಸುವನೆಂದು ಪ್ರವಾದಿವರ್ಯರಿಂದ(ಸ) ತಾನು ಕೇಳಿದ್ದೇನೆಂದು ಅಲ್ಲಿಯೇ ಸಾರಿದರು. ರಾಜ್ಯಪಾಲರ ಬಳಿಗೆ ಹೋಗಿ ಅದನ್ನೇ ಹೇಳಿದರು. ರಾಜ್ಯಪಾಲರು ಆ ರೈತರನ್ನು ಬಿಡಿಸಿದರು. ಗಮನಿಸಿ, ತೆರಿಗೆ ಬಾಕಿಯಿಟ್ಟದ್ದು ಸರಿಯೆಂದು ಹಿಶಾಮ್(ರ) ವಾದಿಸಲಿಲ್ಲ. ಬಾಕಿ ವಸೂಲಿಗೆ ಬಿಸಿಲನ್ನು ಶಿಕ್ಷೆಯಾಗಿ ಬಳಸುವಂತಿಲ್ಲ ಎಂದರು. ನಮ್ಮ ವಾದವೂ ಇಷ್ಟೇ. ಇನ್ನೂ ಒಂದು ವಿಷಯ, ಅವರು ಹಿಂಸೆಗೊಳಗಾದವರ ಧರ್ಮವನ್ನು ನೋಡಲಿಲ್ಲ. ಹಿಂಸಿಸಿದವರು ತಮ್ಮದೇ ಆಡಳಿತದವರೆಂದು ಸುಮ್ಮನಿರಲೂ ಇಲ್ಲ.

ಈ ಮಾನದಂಡವನ್ನು ನಾವು ನಮಗೆ ಇಷ್ಟವಿಲ್ಲದ ಕಡೆಯೂ ಬಳಸಬೇಕಾಗುತ್ತದೆ. 2022ರ ಸೆಪ್ಟೆಂಬರ್ 13ರಂದು ಇರಾನಿನ ರಾಜಧಾನಿ ಟೆಹರಾನಿನಲ್ಲಿ ಉಡುಪಿನ ನಿಯಮ ಪಾಲಿಸಲಿಲ್ಲವೆಂದು 22ರ ಹರೆಯದ ಮಹ್ಸಾ ಅಮೀನಿಯನ್ನು ಅಲ್ಲಿನ ನೈತಿಕ ಪೊಲೀಸರು ಹಿಡಿದೊಯ್ದರು. ಸೆಪ್ಟೆಂಬರ್ 16ರಂದು ಆಕೆ ಆಸ್ಪತ್ರೆಯಲ್ಲಿ ಸಾವನ್ನಪ್ಪಿದರು. ಆಕೆಗೆ ಮೊದಲೇ ಕಾಯಿಲೆಯಿತ್ತೆಂದು ಅಧಿಕಾರಿಗಳು ಹೇಳಿದರು. ವಶದಲ್ಲಿ ನಡೆದ ದೈಹಿಕ ಹಿಂಸೆಯೇ ಸಾವಿಗೆ ಕಾರಣವಾಯಿತೆಂದು ವಿಶ್ವಸಂಸ್ಥೆಯ ಸತ್ಯಶೋಧನಾ ನಿಯೋಗ 2024ರ ಮಾರ್ಚ್‌ನಲ್ಲಿ ಹೇಳಿತು. ಅಂದು ನಮ್ಮಲ್ಲಿ ಹಲವರು ಮೌನ ವಹಿಸಿದರು. ಮಾತಾಡಿದರೆ ಹಿಜಾಬಿನ ವಿರೋಧಿಗಳಿಗೆ ಅಸ್ತ್ರ ಸಿಕ್ಕೀತು ಎಂಬ ಭಯ. ಆದರೆ ಶಿರವಸ್ತ್ರವನ್ನು ನಂಬಿಕೆಯಿಂದ ಧರಿಸುವ ನಮ್ಮ ಮಗಳ ಹಕ್ಕನ್ನು ಎತ್ತಿಹಿಡಿಯುವವರು, ಅದನ್ನು ಲಾಠಿಯ ಬಲದಿಂದ ಹೊದಿಸಲು ಹೋಗುವುದನ್ನು ಹೇಗೆ ಸಮರ್ಥಿಸಲು ಸಾಧ್ಯ? ಆಜ್ಞೆ ಎಷ್ಟೇ ಪವಿತ್ರವಾದುದಾಗಿರಲಿ, ಒಂದು ಜೀವವನ್ನು ಹೊಸಕಿಹಾಕುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ. ಮಂಡ್ಯಕ್ಕೊಂದು ನ್ಯಾಯ, ಟೆಹರಾನಿಗೊಂದು ನ್ಯಾಯ ಇಲ್ಲ.

ಇನ್ನು ಈ ಅತಿರೇಕ ಯಾರ ಮೇಲೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಕಪ್ಪು ಗಾಜಿನ ದುಬಾರಿ ಕಾರು ಸಿಗ್ನಲ್ ಹಾರಿದಾಗ ಅದರ ಕಿಟಕಿಗೆ ಯಾವ ಲಾಠಿಯೂ ಬೀಳುವುದಿಲ್ಲ. ಹಳೆಯ ಬೈಕಿನ ಸವಾರ, ತಳ್ಳುಗಾಡಿಯ ವ್ಯಾಪಾರಿ, ಆಟೋ ಚಾಲಕ, ಪರವೂರಿನ ಕೂಲಿ ಇವರ ಮೇಲೆಯೇ ಬೀಳುತ್ತದೆ. ಪ್ರತಿಷ್ಠಿತರು ತಪ್ಪೆಸಗಿದರೆ ಬಿಟ್ಟುಬಿಡುವ, ದುರ್ಬಲರು ತಪ್ಪೆಸಗಿದರೆ ಶಿಕ್ಷಿಸುವ ಗುಣವೇ ಹಿಂದಿನ ಸಮುದಾಯಗಳನ್ನು ನಾಶಗೊಳಿಸಿತೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಇಂಥದ್ದೇ ತಾರತಮ್ಯದ ಬಗ್ಗೆ.

ಬೀದಿಬದಿ ವ್ಯಾಪಾರಿಗಳ ಉದಾಹರಣೆಯನ್ನೇ ನೋಡಿ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಹಣ್ಣಿನ ಗಾಡಿಯಿಂದ, ಬಟ್ಟೆಯ ರಾಶಿಯಿಂದ, ಸಂಜೆಯ ಚಹಾ ಅಂಗಡಿಯಿಂದ. ಅವರಿಗಾಗಿ 2014ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ತಂದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸ್ ಕೊಡಬೇಕು. ವಶಪಡಿಸಿಕೊಂಡ ಹಣ್ಣು ತರಕಾರಿಯಂಥ ಬೇಗ ಕೆಡುವ ವಸ್ತುವನ್ನು ಕೇಳಿದ ದಿನವೇ ಹಿಂತಿರುಗಿಸಬೇಕು. ಪ್ರಮಾಣಪತ್ರದ ಷರತ್ತಿನಂತೆ ವ್ಯಾಪಾರ ಮಾಡುವವನಿಗೆ ಪೊಲೀಸರೂ ಸೇರಿದಂತೆ ಯಾರೂ ಅಡ್ಡಿಪಡಿಸಬಾರದೆಂದು ಕಾಯಿದೆಯ 27ನೇ ಕಲಮು ಹೇಳುತ್ತದೆ. ಆದರೆ ಬೀದಿಯಲ್ಲಿ ನಡೆಯುವುದೇನು? ತಕ್ಕಡಿಯನ್ನು ಎಸೆಯಲಾಗುತ್ತದೆ, ಬುಟ್ಟಿ ಒದೆಯಲಾಗುತ್ತದೆ, ಟೊಮೆಟೊ ಚರಂಡಿಯ ಪಾಲಾಗುತ್ತದೆ. ಬೆಳಗ್ಗೆ ಬಡ್ಡಿಗೆ ಹಣ ತಂದು ಸರಕು ಹಾಕಿಸಿಕೊಂಡವನಿಗೆ ಅದು ಒಂದು ದಿನದ ನಷ್ಟವಲ್ಲ, ಒಂದು ತಿಂಗಳ ಬದುಕು. ಯಾವ ನ್ಯಾಯಾಧೀಶರೂ ಇಷ್ಟು ದಂಡ ವಿಧಿಸುತ್ತಿರಲಿಲ್ಲ.

'ಭಯವಿಲ್ಲದಿದ್ದರೆ ನಮ್ಮ ಜನ ಯಾವ ನಿಯಮವನ್ನೂ ಪಾಲಿಸುವುದಿಲ್ಲ' ಎಂದು ಕೆಲವರು ವಾದಿಸುತ್ತಾರೆ. ವಿದ್ಯಾವಂತರೇ ಇದನ್ನು ಹೆಚ್ಚಾಗಿ ಹೇಳುತ್ತಾರೆ. ನಮ್ಮ ಅನುಭವ ಇದಕ್ಕೆ ವಿರುದ್ಧವಾಗಿದೆ. ಲಾಠಿಯ ಭಯ ಕಲಿಸುವುದು ನಿಯಮವನ್ನಲ್ಲ, ತಪ್ಪಿಸಿಕೊಳ್ಳುವ ವಿದ್ಯೆಯನ್ನು. ದೂರದಲ್ಲಿ ಖಾಕಿ ಕಂಡೊಡನೆ ಬೈಕ್ ತಿರುಗಿಸಿ ವಿರುದ್ಧ ದಿಕ್ಕಿನಲ್ಲಿ ನುಗ್ಗುವ ಯುವಕ, ಸರ್ಕಲ್ ಬರುವಾಗ ಮಾತ್ರ ಹೆಲ್ಮೆಟ್ ತಲೆಗೇರಿಸಿ ದಾಟಿದೊಡನೆ ಕನ್ನಡಿಗೆ ನೇತುಹಾಕುವ ಸವಾರ ಇವರು ಭಯದ ಶಿಷ್ಯರೇ. ಖಾಕಿ ಮರೆಯಾದೊಡನೆ ನಿಯಮವೂ ಮರೆಯಾಗುತ್ತದೆ. ದಂಡ ತಪ್ಪದೆ ಬರುತ್ತದೆ, ಎಲ್ಲರಿಗೂ ಒಂದೇ ರೀತಿ ಬರುತ್ತದೆ, ರಶೀದಿಯೊಂದಿಗೆ ಬರುತ್ತದೆ ಎಂಬ ಖಾತ್ರಿಯೇ ಜನರನ್ನು ತಿದ್ದುತ್ತದೆ. ಲಾಠಿಯ ಏಟಿಗೆ ರಶೀದಿಯಿಲ್ಲ. ಆದ್ದರಿಂದ ಅದಕ್ಕೆ ಲೆಕ್ಕವೂ ಇಲ್ಲ, ಮೇಲ್ಮನವಿಯೂ ಇಲ್ಲ.

ಮಂಡ್ಯದ ಘಟನೆಯ ಬಳಿಕ ರಾಜ್ಯದ ಪೊಲೀಸ್ ಮುಖ್ಯಸ್ಥರು ಸೂಚನೆಗಳನ್ನು ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ವಾಹನ ತಡೆಯಬಾರದು, ಹಠಾತ್ತನೆ ಅಡ್ಡಬರಬಾರದು, ಕೀ ಕಿತ್ತುಕೊಳ್ಳಬಾರದು ಎಂಬುದು ಅವುಗಳ ಸಾರ. ಇದು ಸ್ವಾಗತಾರ್ಹ. ಆದರೆ ಇದೇ ಮಾತು ಒಂದು ವರ್ಷ ಮೊದಲೇ ಹೊರಟು ಪ್ರತಿ ಸರ್ಕಲ್‌ಗೂ ತಲುಪಿದ್ದರೆ ಒಂದು ಮಗು ಇಂದು ಅಂಗನವಾಡಿಗೆ ಹೋಗುತ್ತಿತ್ತು. ನಮ್ಮಲ್ಲಿ ಸುತ್ತೋಲೆಗಳಿಗೆ ಬರವಿಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನದ ನಿಯಮಗಳನ್ನು ವಿಧಿಸಿ ಕಾಲು ಶತಮಾನ ದಾಟಿತು. ಪೊಲೀಸ್ ಸುಧಾರಣೆಗೆ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆದೇಶ ಬಂದದ್ದು 2006ರಲ್ಲಿ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಹೇಳಿತು. ಕೊರತೆಯಿರುವುದು ಕಾಗದದಲ್ಲಲ್ಲ. ಅಮಾನತು ಎಂಬ ತಾತ್ಕಾಲಿಕ ಶಮನವನ್ನು ನ್ಯಾಯವೆಂದು ಒಪ್ಪಿಕೊಳ್ಳುವ ನಮ್ಮ ಮರೆವಿನಲ್ಲಿದೆ. ಕೆಳಹಂತದ ಮೂವರನ್ನು ಅಮಾನತು ಮಾಡಿ, ಪ್ರಕರಣಗಳ ಸಂಖ್ಯೆ ಕೇಳುವ ಮೇಲಿನವರನ್ನು ಕೇಳದೇ ಬಿಡುವುದು ಸುಧಾರಣೆಯಲ್ಲ.

ಹಾಗೆಂದು ಅನ್ಯಾಯಕ್ಕೆ ಅನ್ಯಾಯವೇ ಉತ್ತರವಲ್ಲ. 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಮಟ್ಕಾ ಆರೋಪದಲ್ಲಿ ಠಾಣೆಗೆ ಕರೆತಂದ ನಮ್ಮ ಸಮುದಾಯದ ಯುವಕನೊಬ್ಬ ಮೃತಪಟ್ಟ. ಸಾವಿಗೆ ಕಾರಣ ಅನಾರೋಗ್ಯವೋ ಅಲ್ಲವೋ ಎಂಬ ವಾದವಿವಾದ ಎದ್ದಿತು. ಎಫ್‌ಐಆರ್ ಇಲ್ಲದೆ ಕರೆತಂದದ್ದಕ್ಕೆ ಅಧಿಕಾರಿಗಳು ಅಮಾನತಾದರು. ಆದರೆ ತನಿಖೆಗೆ ಕಾಯದೆ ಗುಂಪೊಂದು ಠಾಣೆಯ ಮೇಲೆ ಮುಗಿಬಿತ್ತು. ವಾಹನಗಳು ಜಖಂಗೊಂಡವು, ಪೊಲೀಸರು ಗಾಯಗೊಂಡರು. ಫಲವೇನು? ಮರುದಿನದಿಂದ ಚರ್ಚೆಯಾದದ್ದು ಯುವಕನ ಸಾವಲ್ಲ, ಕಲ್ಲುತೂರಾಟ. ಸಾಲುಸಾಲಾಗಿ ಯುವಕರ ಬಂಧನವಾಯಿತು, ಮನೆಗಳ ಗಂಡಸರು ಊರು ಬಿಟ್ಟರು. ವಿಚಾರಣೆಯಿಲ್ಲದೆ ಶಿಕ್ಷಿಸುವುದು ತಪ್ಪೆಂದು ಪೊಲೀಸರಿಗೆ ಹೇಳುವವರು ವಿಚಾರಣೆಯಿಲ್ಲದೆ ಠಾಣೆಯನ್ನು ಶಿಕ್ಷಿಸುವಂತಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಕುರ್‌ಆನಿನ ತಾಕೀತು ಖಾಕಿ ತೊಟ್ಟವರ ವಿಷಯದಲ್ಲೂ ಅನ್ವಯವಾಗುತ್ತದೆ.

ನಮ್ಮ ಇನ್ನೊಂದು ಕಾಯಿಲೆಯನ್ನೂ ಹೇಳಲೇಬೇಕು. ನಮ್ಮ ಮಗ ಸಿಕ್ಕಿಬಿದ್ದಾಗ ನಾವು ಮೊದಲು ಹುಡುಕುವುದು ಕಾನೂನನ್ನಲ್ಲ, ಫೋನ್ ಮಾಡಬಲ್ಲ ಪ್ರಭಾವಿಯನ್ನು. ಐನೂರರ ದಂಡಕ್ಕೆ ನೂರು ರೂಪಾಯಿ ಕೈಗಿಟ್ಟು ಬಂದವನು ಮನೆಯಲ್ಲಿ ಅದನ್ನು ಜಾಣತನವೆಂದು ಹೇಳಿಕೊಳ್ಳುತ್ತಾನೆ. ಲಂಚ ಕೊಡುವವನೂ ಪಡೆಯುವವನೂ ಶಾಪಕ್ಕೊಳಗಾದವರೆಂಬ ಹದೀಸ್ ಆಗ ನೆನಪಾಗುವುದಿಲ್ಲ. ಕೊಡಲು ನೂರಿಲ್ಲದವನ ಬೆನ್ನಿಗೆ ಬೀಳುವ ಏಟಿನಲ್ಲಿ ನಾವು ಕೊಟ್ಟ ಆ ನೂರರ ಪಾಲೂ ಇದೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಪೊಲೀಸರಿಗೆ ಬೆರಳಿಡಲು ಜಾಗ ಕೊಡಬಾರದು. ಹೆಲ್ಮೆಟ್, ಲೈಸೆನ್ಸ್, ವಿಮೆ ಸರಿಯಿರಲಿ. ದಾಖಲೆಗಳನ್ನು ಡಿಜಿಲಾಕರ್‌ನಲ್ಲಿ ಮೊಬೈಲಿನಲ್ಲೇ ತೋರಿಸಬಹುದು. ದಂಡ ಕಟ್ಟಬೇಕಾದರೆ ರಶೀದಿ ಪಡೆದೇ ಕಟ್ಟಿ. ಎರಡನೆಯದಾಗಿ, ಹಕ್ಕುಗಳನ್ನು ಮನೆಮಂದಿಗೆಲ್ಲ ತಿಳಿಸಿ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಪತ್ರ ಬರೆದು ಸಾಕ್ಷಿಯ ಸಹಿ ಪಡೆಯಬೇಕು. ಬಂಧುವಿಗೆ ತಿಳಿಸಬೇಕು. 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ವಿಶೇಷ ಸಂದರ್ಭ ಬಿಟ್ಟರೆ ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮುನ್ನ ಮಹಿಳೆಯನ್ನು ಬಂಧಿಸುವಂತಿಲ್ಲ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಮೂರನೆಯದಾಗಿ, ಅತಿರೇಕ ನಡೆದಾಗ ಕೂಗಾಡಬೇಡಿ, ಬರೆದಿಡಿ. ದಿನ, ಹೊತ್ತು, ಸ್ಥಳ, ಅಧಿಕಾರಿಯ ಹೆಸರು, ಕಂಡವರ ಹೆಸರು ಎಲ್ಲವನ್ನೂ ಗುರುತಿಸಿಕೊಳ್ಳಿ. ಗಾಯವಾಗಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ದಾಖಲಿಸಿ. ಪೊಲೀಸ್ ದೂರು ಪ್ರಾಧಿಕಾರ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿದೆ, ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. ಮಹಿಳೆಯರಿಗೆ, ವಶದಲ್ಲಿರುವವರಿಗೆ, ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ನಮ್ಮ ಮಸೀದಿ ಕಮಿಟಿಗಳಿಗೂ ಇಲ್ಲಿ ಕೆಲಸವಿದೆ. ವರ್ಷಕ್ಕೊಂದು ದಿನ ಊರಿನ ವಕೀಲರೊಬ್ಬರನ್ನೂ ಠಾಣೆಯ ಅಧಿಕಾರಿಯನ್ನೂ ಒಟ್ಟಿಗೆ ಕರೆಸಿ ಯುವಕರೊಂದಿಗೆ ಕೂರಿಸಿದರೆ ಎಷ್ಟೋ ಗೋಡೆಗಳು ಕರಗುತ್ತವೆ. ಆ ಸಭೆಗೆ ನೆರೆಯ ದೇವಸ್ಥಾನದ, ಚರ್ಚಿನ ಜನರನ್ನೂ ಕರೆಯಿರಿ. ಮಂಡ್ಯದ ಆ ಮಗು ನಮ್ಮ ಸಮುದಾಯದ್ದಾಗಿರಲಿಲ್ಲ. ಆದರೆ ಆ ತಾಯಿಯ ಅಳುವಿಗೆ ಸಮುದಾಯವಿರಲಿಲ್ಲ. ಮರ್ದಿತನ ಪ್ರಾರ್ಥನೆಗೂ ಅಲ್ಲಾಹನಿಗೂ ನಡುವೆ ಪರದೆಯಿಲ್ಲವೆಂದು ನಾವು ನಂಬುತ್ತೇವೆ. ಹಾಗಾದರೆ ಆ ತಾಯಿಯ ಪ್ರಾರ್ಥನೆ ಯಾರ ವಿರುದ್ಧ ಏರಿಹೋಗಿರಬಹುದು? ತಡೆದವರ ವಿರುದ್ಧ ಮಾತ್ರವೇ, ಅಥವಾ ಇಷ್ಟು ಕಾಲ ಅದನ್ನು ನೋಡುತ್ತಾ ದಾರಿ ಸಾಗಿದ ನಮ್ಮೆಲ್ಲರ ವಿರುದ್ಧವೂ?

ನಾಳೆ ಸರ್ಕಲ್‌ನಲ್ಲಿ ಯಾರದೋ ಕಾಲರಿಗೆ ಕೈಬಿದ್ದಾಗ ನಾವು ಒಂದು ಕ್ಷಣ ನಿಲ್ಲೋಣ. ಹಿಶಾಮ್ ಬಿನ್ ಹಕೀಮ್(ರ)ರಂತೆ ಕಾರಣ ಕೇಳೋಣ. ಸೌಜನ್ಯದಿಂದ ಕೇಳೋಣ, ಆದರೆ ಕೇಳೋಣ. 'ಸರ್, ದಂಡ ಬರೆಯಿರಿ, ಕೈ ಮಾಡಬೇಡಿ' ಎಂಬ ಮಾತನ್ನು ಹೇಳಲು ಕಾನೂನು ಪದವಿ ಬೇಕಿಲ್ಲ. ಹತ್ತು ಮಂದಿ ನಿಂತು ಹೇಳಿದರೆ ಎತ್ತಿದ ಕೈ ಕೆಳಗಿಳಿಯುತ್ತದೆ.